ಇಂದಿನ ಕಿರಿಯ ಸಿಸ್ಟರ್, ನಾಳಿನ ನಾಯಕಿ



ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಿಂದೆ ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ನಮಗೆಲ್ಲ ಗೊತ್ತು. ಈಗ ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಾರೆ. ಇದು ಒಳ್ಳೆಯ ಬದಲಾವಣೆ. ಆದರೆ ನಡುರಾತ್ರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ನಮಗೆ ಮೊದಲು ಎದುರಾಗುವವರು ಯಾರು? ಹೆಚ್ಚಾಗಿ ಒಬ್ಬ ಸಿಸ್ಟರ್. ಅನೇಕ ಸಲ ಕೋರ್ಸ್ ಮುಗಿಸಿ ಒಂದೆರಡು ವರ್ಷವಷ್ಟೇ ಆಗಿರುವ ಹುಡುಗಿ.

"ಈ ಹುಡುಗಿಗೆ ಏನು ಗೊತ್ತಿರುತ್ತೆ?" ಅಂತ ನಾವು ಗೊಣಗುತ್ತೇವೆ. "ಈ ಹುಡುಗಿ ಧೈರ್ಯವಾಗಿ ಸರಿಯಾದ ತೀರ್ಮಾನ ತಗೊಳ್ಳೋ ಹಾಗೆ ಅವಳನ್ನ ಯಾರು ಬೆಳೆಸ್ತಿದ್ದಾರೆ?" ಅಂತ ಕೇಳುವುದಿಲ್ಲ. ಈ ಸಲ ಅದರ ಬಗ್ಗೆಯೇ ತಿಳಿದುಕೊಳ್ಳೋಣ.

ಸಿಸ್ಟರ್‌ಗೆ ನಾಯಕತ್ವ ಯಾಕೆ ಬೇಕು?

2018-20ರ ಸರಕಾರಿ ಲೆಕ್ಕದ ಪ್ರಕಾರ ಒಂದು ಲಕ್ಷ ಮಕ್ಕಳು ಜೀವಂತ ಹುಟ್ಟುವಾಗ ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ಪಕ್ಕದ ಕೇರಳದಲ್ಲಿ ಆಗ ಈ ಸಂಖ್ಯೆ 19. ಇಂಥ ಸಾವುಗಳಿಗೆ ಒಂದು ದೊಡ್ಡ ಕಾರಣ ಹೆರಿಗೆಯ ನಂತರದ ರಕ್ತಸ್ರಾವ. ರಕ್ತ ಜೋರಾಗಿ ಹೋಗಲು ಶುರುವಾದರೆ ಎರಡು ಗಂಟೆಯೊಳಗೆ ತಾಯಿಯ ಜೀವ ಹೋಗಬಹುದು. ಅಷ್ಟರಲ್ಲಿ ದೊಡ್ಡ ಡಾಕ್ಟರು ಊರಿಗೆ ಬರುವುದು ಕಷ್ಟ. ಆಗ ಹತ್ತಿರ ಇರುವವಳು ಸಿಸ್ಟರ್ ಮಾತ್ರ.

ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಇದರಿಂದ ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲು ಸಹಾಯವಾಗುತ್ತದೆ. ಆಮೇಲೂ ರಕ್ತ ಹೋಗುತ್ತಿದ್ದರೆ ಅದನ್ನು ಬೇಗ ಗುರುತಿಸಬೇಕು, ಹೊಟ್ಟೆಯ ಮೇಲೆ ನೀವಿ ಗರ್ಭಕೋಶ ಗಟ್ಟಿಯಾಗುವಂತೆ ಮಾಡಬೇಕು, ಡ್ರಿಪ್ ಹಾಕಬೇಕು, ಔಷಧಿ ಕೊಡಬೇಕು, ವೈದ್ಯರಿಗೆ ತಿಳಿಸಬೇಕು, ಬೇಕಾದರೆ 108 ಕರೆಸಬೇಕು. ಇಷ್ಟನ್ನೂ ಗಾಬರಿಯಾಗದೆ ಮಾಡಬೇಕು. ಆಯಾಗೆ, ಮನೆಯವರಿಗೆ, ಡ್ರೈವರ್‌ಗೆ "ನೀವು ಇದನ್ನು ಮಾಡಿ, ನೀವು ಅದನ್ನು ತನ್ನಿ" ಎಂದು ಸ್ಪಷ್ಟವಾಗಿ ಹೇಳಬೇಕು. ಫೋನಿನಲ್ಲಿ ಡಾಕ್ಟರಿಗೆ ನಾಲ್ಕೇ ಮಾತಿನಲ್ಲಿ ತಿಳಿಸಬೇಕು: ರೋಗಿ ಯಾರು, ಏನಾಗಿದೆ, ನಾನು ಏನು ಮಾಡಿದ್ದೇನೆ, ಈಗ ಏನು ಬೇಕು.

ರೋಗಿಯ ಹಾಸಿಗೆಯ ಪಕ್ಕದ ನಾಯಕತ್ವ ಅಂದರೆ ಇದೇ. ಹೆಡ್ ಸಿಸ್ಟರ್ ಹುದ್ದೆ ಸಿಗಲು ಇಪ್ಪತ್ತು ವರ್ಷ ಬೇಕಾಗಬಹುದು. ಈ ನಾಯಕತ್ವ ಮಾತ್ರ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಬೇಕು.

ನಮ್ಮ ಸಂಘದಲ್ಲಿ ಹೇಗೆ ಕಲಿತೆವು?

ಸಂಘ ಶುರುವಾದಾಗ ನಮ್ಮಲ್ಲಿ ಎಷ್ಟು ಜನ ಬ್ಯಾಂಕಿನ ಒಳಗೆ ಕಾಲಿಟ್ಟಿದ್ದೆವು? ಮೊದಲು ಹೆಬ್ಬೆಟ್ಟು ಬಿಟ್ಟು ಸಹಿ ಕಲಿತೆವು. ಆಮೇಲೆ ಲೆಕ್ಕದ ಪುಸ್ತಕ ಬರೆದೆವು. ಹಳೆಯ ಪ್ರತಿನಿಧಿಯ ಜೊತೆ ಬ್ಯಾಂಕಿಗೆ ಹೋಗಿ, ಮುಂದಿನ ಸಲ ಒಬ್ಬರೇ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿದೆವು. ಪ್ರತಿನಿಧಿ ಸ್ಥಾನ ಸರದಿಯಂತೆ ಬದಲಾದ್ದರಿಂದ ಹಿಂದಿನ ಸಾಲಿನಲ್ಲಿ ಕೂತವರಿಗೂ ಅವಕಾಶ ಸಿಕ್ಕಿತು. ತಪ್ಪು ಲೆಕ್ಕ ಬಂದಾಗ ಪಕ್ಕದಲ್ಲಿ ಕೂತು ತಿದ್ದುವವರು ಇದ್ದರು.

ಕಿರಿಯ ನರ್ಸ್‌ಗಳೂ ಹೀಗೆಯೇ ಬೆಳೆಯುತ್ತಾರೆ. ಮೂರು ದಿನದ ತರಬೇತಿಗೆ ಕಳುಹಿಸಿ ಸರ್ಟಿಫಿಕೇಟ್ ಕೊಟ್ಟರೆ ಸಾಲದು. ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸುವ ಹಿರಿಯ ನರ್ಸ್ ಬೇಕು.

ಬಳ್ಳಾರಿ, ಕಲಬುರಗಿಯಲ್ಲಿ ಕಂಡ ಫಲ

ಇದನ್ನು ನಮ್ಮ ರಾಜ್ಯದಲ್ಲೇ ಪರೀಕ್ಷಿಸಿ ನೋಡಿದ್ದಾರೆ. 2012-13ರಲ್ಲಿ ಬಳ್ಳಾರಿ ಮತ್ತು ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಗಳಲ್ಲಿ ದಿನದ 24 ಗಂಟೆಯೂ ಹೆರಿಗೆ ಮಾಡಿಸುವ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿಕೊಂಡರು. ಎಲ್ಲ ಕೇಂದ್ರಗಳ ಸಿಬ್ಬಂದಿಗೂ ಮೊದಲು ಒಂದು ತರಬೇತಿ ಕೊಟ್ಟರು. ಹೆರಿಗೆಯ ವಿವರಗಳನ್ನು ಕ್ರಮವಾಗಿ ಬರೆಯುವ ಹಾಳೆಗಳನ್ನೂ ಕೊಟ್ಟರು. ಆಮೇಲೆ ಅದರಲ್ಲಿ ಅರ್ಧ, ಅಂದರೆ 54 ಕೇಂದ್ರಗಳಿಗೆ ಮಾತ್ರ ಮಾರ್ಗದರ್ಶಿ ನರ್ಸ್‌ಗಳು ಆರು ಸಲ ಭೇಟಿ ಕೊಟ್ಟರು. ಅವರು ತಪ್ಪು ಹುಡುಕುವ ಅಧಿಕಾರಿಗಳಾಗಿ ಬರಲಿಲ್ಲ. ಕೇಂದ್ರದಲ್ಲೇ ಉಳಿದು, ಅಲ್ಲಿನ ಸಿಸ್ಟರ್‌ಗಳ ಜೊತೆ ಕೆಲಸ ಮಾಡುತ್ತಾ ಕಲಿಸಿದರು.

ಕೊನೆಗೆ ನೋಡಿದಾಗ ರಕ್ತಸ್ರಾವ ತಡೆಯಲು ಮಗು ಹುಟ್ಟಿದ ಕೂಡಲೇ ಮಾಡಬೇಕಾದ ಕ್ರಮಗಳು ಮಾರ್ಗದರ್ಶನ ಸಿಕ್ಕ ಕೇಂದ್ರಗಳಲ್ಲಿ ನೂರಕ್ಕೆ ಸುಮಾರು 82 ಸಿಬ್ಬಂದಿಗೆ ಸರಿಯಾಗಿ ಗೊತ್ತಿದ್ದವು. ತರಬೇತಿ ಮಾತ್ರ ಸಿಕ್ಕ ಕೇಂದ್ರಗಳಲ್ಲಿ ಹಾಗೆ ಗೊತ್ತಿದ್ದವರು ಸುಮಾರು 36 ಜನ. ಉಸಿರಾಡದ ಮಗುವಿಗೆ ಉಸಿರು ಬರಿಸುವ ವಿಷಯದಲ್ಲೂ ಇಂಥದೇ ದೊಡ್ಡ ವ್ಯತ್ಯಾಸ ಕಂಡಿತು. ತರಬೇತಿ ಎರಡೂ ಕಡೆ ಒಂದೇ ಆಗಿತ್ತು. ವ್ಯತ್ಯಾಸ ತಂದದ್ದು ಪಕ್ಕದಲ್ಲಿ ನಿಂತ ಹಿರಿಯ ನರ್ಸ್.

ಹೊರದೇಶದಲ್ಲೂ ಇದೇ ಪಾಠ ಸಿಕ್ಕಿದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಬಂತು. ರಕ್ತವನ್ನು ಅಂದಾಜಿನಲ್ಲಿ ಹೇಳದೆ ಅಳತೆ ಗುರುತಿರುವ ಹಾಳೆಯಲ್ಲಿ ಅಳೆದು, ಹೆಚ್ಚಾದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡುವ ಕ್ರಮ ಅದು. ಇದನ್ನು ಜಾರಿಗೆ ತರಲು ಆಸ್ಪತ್ರೆಗಳಲ್ಲಿ ಮಿಡ್‌ವೈಫ್ ಮತ್ತು ವೈದ್ಯರನ್ನು ಮುಂದಾಳುಗಳಾಗಿ ಆರಿಸಿದ್ದರು. ಈ ಕ್ರಮ ಪಾಲಿಸಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ಕಡಿಮೆಯಾದವು.

ಮುಂದೆ ಬರಲು ಅಡ್ಡಿಗಳು ಏನು?

ಆರೋಗ್ಯ ಕ್ಷೇತ್ರದ ಕೆಲಸಗಾರರಲ್ಲಿ ನೂರಕ್ಕೆ 70 ಮಂದಿ ಹೆಂಗಸರು, ಆದರೆ ಮೇಲಿನ ಸ್ಥಾನಗಳಲ್ಲಿ ಅವರು 25 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕಾರಣಗಳು ನಮಗೂ ಗೊತ್ತಿರುವಂಥವೇ. "ನೀನು ಹೊಸಬಳು, ಸುಮ್ನಿರು" ಎನ್ನುವ ಮಾತು. ಗುತ್ತಿಗೆ ಕೆಲಸ, ಯಾವಾಗ ಹೋಗುತ್ತೋ ಎನ್ನುವ ಭಯ. ರಾತ್ರಿ ಒಬ್ಬಳೇ ಡ್ಯೂಟಿ. ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ಬೈಗುಳ ತಿನ್ನುವವಳೂ ಅವಳೇ. ಹೆದರಿದ ಸಿಸ್ಟರ್ ಅನುಮಾನ ಬಂದರೂ ಬಾಯಿ ಬಿಡುವುದಿಲ್ಲ. ಹಾಗೆ ಅವಳು ಸುಮ್ಮನಿದ್ದರೆ ಅದರ ಬೆಲೆ ತೆರುವವರು ನಮ್ಮ ಸೊಸೆ, ನಮ್ಮ ಮಗಳು.

ಈಗ ತೆರೆದಿರುವ ದಾರಿಗಳು

ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರಿಗೆ ಹೊಸ ಅವಕಾಶಗಳು ಬಂದಿವೆ. 2018ರ ಕೇಂದ್ರ ಸರಕಾರದ ಮಾರ್ಗಸೂಚಿಯಂತೆ ಅನುಭವವಿರುವ ನರ್ಸ್‌ಗಳು 18 ತಿಂಗಳ ವಿಶೇಷ ಮಿಡ್‌ವೈಫರಿ ತರಬೇತಿ ಪಡೆದು, ತೊಡಕಿಲ್ಲದ ಹೆರಿಗೆಗಳನ್ನು ತಮ್ಮ ಜವಾಬ್ದಾರಿಯಲ್ಲೇ ನಡೆಸಬಹುದು. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿ.ಎಚ್.ಓ. ಆಗಿ ಕೆಲಸ ಮಾಡುವವರಲ್ಲಿ ಬಹಳ ಜನ ಯುವ ನರ್ಸ್‌ಗಳೇ. ಬಿ.ಪಿ., ಸಕ್ಕರೆ ಕಾಯಿಲೆ ತಪಾಸಣೆಯಿಂದ ಹಿಡಿದು ಆಶಾ ಕಾರ್ಯಕರ್ತೆಯರ ತಂಡ ನಡೆಸುವವರೆಗೆ ಹೊಣೆ ಅವರದ್ದು.

ನಾವೇನು ಮಾಡಬಹುದು?

1. ಊರಿಗೆ ಹೊಸ ಸಿಸ್ಟರ್ ಅಥವಾ ಸಿ.ಎಚ್.ಓ. ಬಂದರೆ ಸಂಘದ ಸಭೆಗೆ ಕರೆಯೋಣ. ಹತ್ತು ಜನರ ಮುಂದೆ ಮಾತಾಡಲು ಅವರಿಗೂ ಧೈರ್ಯ ಬರುತ್ತದೆ, ನಮಗೂ ಪರಿಚಯವಾಗುತ್ತದೆ.

2. ಆರೋಗ್ಯ ರಕ್ಷಾ ಸಮಿತಿ, ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗಳಲ್ಲಿ ನಮ್ಮ ಸದಸ್ಯೆಯರು ಇದ್ದರೆ ಸುಮ್ಮನೆ ಸಹಿ ಹಾಕಿ ಬರಬೇಡಿ. "ರಾತ್ರಿ ಡ್ಯೂಟಿಗೆ ಜೊತೆ ಯಾರಿದ್ದಾರೆ? ಹೊಸಬರಿಗೆ ಕಲಿಸಲು ಹಿರಿಯ ನರ್ಸ್ ಬರ್ತಾರಾ? ಇಂಜೆಕ್ಷನ್ ಇಡಲು ಫ್ರಿಜ್ ಸರಿಯಾಗಿದೆಯಾ?" ಎಂದು ಕೇಳಿ.

3. ತೊಂದರೆಯಾದಾಗ ಸಿಸ್ಟರ್ ಮೇಲೆ ಕೂಗಾಡಬೇಡಿ. ದೂರು ಇದ್ದರೆ ವೈದ್ಯಾಧಿಕಾರಿಗೆ ಬರೆದು ಕೊಡಿ. ದೂರು ಕೊಡುವುದು ನಮ್ಮ ಹಕ್ಕು, ಹೊಡೆದು ಬಡಿದು ಮಾಡುವುದು ಹಕ್ಕಲ್ಲ. ಚೆನ್ನಾಗಿ ನೋಡಿಕೊಂಡರೆ ಅದನ್ನೂ ಬರೆದು ಕೊಡಿ.

4. ಮಗಳನ್ನು ನರ್ಸಿಂಗ್‌ಗೆ ಸೇರಿಸಲು ಸಂಘದಿಂದ ಸಾಲ ತೆಗೆಯುವ ಮುಂಚೆ ವಿಚಾರಿಸಿ. ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ? ಮಕ್ಕಳು ಹೆರಿಗೆ ವಾರ್ಡಿನಲ್ಲಿ ನಿಜವಾಗಿ ಕೈಯಾರೆ ಕಲಿಯುತ್ತಾರೆಯೇ? ಮಾನ್ಯತೆ ಇಲ್ಲದ ಕಡೆ ಕಟ್ಟಿದ ಫೀಸು ನೀರಿನಲ್ಲಿ ಹೋಮ ಮಾಡಿದ ಹಾಗೆ.

5. ಓದು ಮುಗಿಸಿದ ಮಗಳಿಗೆ ಕೆಲಸ ಹುಡುಕುವಾಗ ಸಂಬಳ ಒಂದನ್ನೇ ನೋಡಬೇಡಿ. ಮೊದಲ ಎರಡು ವರ್ಷ ಅವಳಿಗೆ ಯಾರು ಕಲಿಸುತ್ತಾರೆ ಎನ್ನುವುದೂ ಮುಖ್ಯ. ಮದುವೆ ಆದ ಮೇಲೂ ಅವಳ ಓದು, ಡ್ಯೂಟಿ ನಿಲ್ಲದಂತೆ ಎರಡೂ ಮನೆಯವರು ನೋಡಿಕೊಳ್ಳಬೇಕು.

ಮುಂದಿನ ಸಭೆಯಲ್ಲಿ ಚರ್ಚಿಸಿ

- ನಮ್ಮ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸುವವರು ಯಾರು? ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?
- ನಮ್ಮ ಸದಸ್ಯೆಯರ ಮನೆಯಲ್ಲಿ ನರ್ಸಿಂಗ್ ಓದುತ್ತಿರುವ, ಕೆಲಸ ಮಾಡುತ್ತಿರುವ ಹೆಣ್ಣುಮಕ್ಕಳು ಎಷ್ಟು? ಅವರಿಗೆ ಏನು ಸಹಾಯ ಬೇಕು?
- ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆ ಯಾವಾಗ? ನಮ್ಮ ಕಡೆಯಿಂದ ಯಾರು ಹೋಗುತ್ತಾರೆ, ಏನು ಕೇಳುತ್ತಾರೆ?

ಚರ್ಚೆಯಾದ ಮೇಲೆ ಏನು ತೀರ್ಮಾನ ಆಯಿತು ಎಂದು ನಡವಳಿ ಪುಸ್ತಕದಲ್ಲಿ ತಪ್ಪದೆ ಬರೆಯಿರಿ.