ಪೋಡಿನ ಊಟ, ಶಾಲೆಯ ಊಟ

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಊಟದ ವಿಷಯ ಬರೆದಿದ್ದೇನೆ. ಊಟದಲ್ಲಿ ಬರೆಯೋದೇನಿದೆ, ತಿನ್ನೋದು ತಾನೇ ಅಂತ ನಗಬೇಡಿ. ಪೋಡಿನ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಯಾಕೆ ಸರಿಯಾಗಿ ಬರಲ್ಲ, ಬಂದರೂ ಮೊದಲನೇ ಪೀರಿಯಡ್ಡಿನಲ್ಲೇ ಯಾಕೆ ತೂಕಡಿಸ್ತಾರೆ ಅಂತ ಬಹಳ ಜನ ಕೇಳ್ತಾರೆ. ಕೆಲವರು ಸೋಮಾರಿಗಳು ಅಂತ ಅಂದುಬಿಡ್ತಾರೆ. ನಾನೂ ಪೋಡಿನವಳೇ. ಅದಕ್ಕೆ ಕಾರಣವನ್ನು ತಿಳಿಸುತ್ತೇನೆ.

ಪೋಡು ಎಂದರೇನು?

ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಸೋಲಿಗರು ಇರುವ ಸಣ್ಣ ಊರಿಗೆ ಪೋಡು ಎನ್ನುತ್ತಾರೆ. ಹಿಂದೆ ಸೋಲಿಗರು ಕಾಡಿನಲ್ಲಿ ಜಾಗ ಬದಲಾಯಿಸುತ್ತಾ ಬೇಸಾಯ ಮಾಡುತ್ತಿದ್ದರು. ಒಂದೇ ಹೊಲದಲ್ಲಿ ರಾಗಿ, ಅವರೆ, ತೊಗರಿ, ಸಾಸಿವೆ, ಕೀರೆ, ಕುಂಬಳ ಎಲ್ಲಾ ಬಿತ್ತುತ್ತಿದ್ದರು. ಯಾಕೆಂದರೆ ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಉಳಿಯುತ್ತದೆ. ರಾಗಿ ಬರುವ ಮೊದಲೇ ಸೊಪ್ಪು ಸಿಗುತ್ತದೆ. ಇದರ ಜೊತೆಗೆ ಕಾಡಿನ ಗೆಣಸು, ಅಣಬೆ, ಜೇನು, ನೆಲ್ಲಿಕಾಯಿ ಇದ್ದವು. ನಮ್ಮಜ್ಜಿ ಇವತ್ತಿಗೂ ಹೊಲದ ಬದುವಿನಲ್ಲಿ ನಡೆದುಹೋದರೆ ಮಡಿಲ ತುಂಬ ಸೊಪ್ಪು ತರುತ್ತಾರೆ.

ಈಗ ಏಕೆ ಕಡಿಮೆಯಾಯಿತು?

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಧಾಮವಾಯಿತು. ಜಾಗ ಬದಲಾಯಿಸಿ ಬೇಸಾಯ ಮಾಡುವುದು ನಿಂತಿತು. ಈಗ ಇರುವ ಚೂರುಪಾರು ಜಮೀನಿಗೆ ಆನೆ, ಕಾಡುಹಂದಿ ಬರುತ್ತವೆ. ಕಾಡಿನ ಒಳಗೆ ಲಂಟಾನ ಪೊದೆ ಹಬ್ಬಿ ನೆಲ್ಲಿ ಸಸಿಗಳು ಮೇಲೇಳಲು ಬಿಡುವುದಿಲ್ಲ, ಗೆಣಸು ಅಗೆಯಲು ಒಳಗೆ ನುಗ್ಗುವುದಕ್ಕೂ ಆಗಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಂತೆ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ ತರುವ ಹಕ್ಕು ಬಂತು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಕಾಡಿನಲ್ಲಿ ನೆಲ್ಲಿಯೂ ಇರಬೇಕಲ್ಲ!

ರಾಗಿ ಕುಯ್ಲು ಆಗುವುದು ಚಳಿಗಾಲದಲ್ಲಿ. ಆ ರಾಗಿ ಆಷಾಢದ ಹೊತ್ತಿಗೆ ಮುಗಿದಿರುತ್ತದೆ. ಜೋರು ಮಳೆಯಲ್ಲಿ ಕೂಲಿಯೂ ಸಿಗಲ್ಲ. ಆಗ ರೇಷನ್ನೇ ಗತಿ. ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕೆ.ಜಿ. ಧಾನ್ಯ ಬರುತ್ತದೆ. ಅದರಿಂದ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಬರೀ ಅನ್ನ, ಉಪ್ಪು, ಖಾರ ತಿಂದರೆ ಮೈಗೆ ಶಕ್ತಿ ಸಾಲುವುದಿಲ್ಲ. ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ.

ತೂಕಡಿಕೆ ಏಕೆ ಬರುತ್ತದೆ?

ಲೆಕ್ಕ ಹಾಕಿ ನೋಡಿ. ರಾತ್ರಿ 8 ಗಂಟೆಗೆ ಉಂಡವರು ಬೆಳಿಗ್ಗೆ ಬರೀ ಟೀ ಕುಡಿದು ಶಾಲೆಗೆ ನಡೆದು ಬರುತ್ತಾರೆ. ಬಿಸಿಯೂಟ ಮಧ್ಯಾಹ್ನ 1 ಗಂಟೆಗೆ ಅಂದರೆ, ನಡುವೆ 17 ಗಂಟೆ! ಮೆದುಳಿಗೂ ಆಹಾರ ಬೇಕು. ಅದು ಸಿಗದಿದ್ದರೆ ಪಾಠ ತಲೆಗೆ ಹತ್ತುವುದಿಲ್ಲ.

ಇನ್ನೊಂದು ಕಾರಣ ರಕ್ತಹೀನತೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್. ಅದು ತಯಾರಾಗಲು ಕಬ್ಬಿಣದ ಅಂಶ ಬೇಕು. ಕಬ್ಬಿಣ ಕಡಿಮೆಯಾದರೆ ಸುಸ್ತು, ತಲೆಸುತ್ತು ಬರುತ್ತದೆ. ಬರಿಗಾಲಲ್ಲಿ ನಡೆದಾಗ ಕೊಕ್ಕೆಹುಳು ಚರ್ಮದ ಮೂಲಕ ಮೈಯೊಳಗೆ ಸೇರಿ, ಕರುಳಿನಲ್ಲಿ ರಕ್ತ ಹೀರುತ್ತದೆ. ಅದಕ್ಕೇ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡೋದು. ದಯವಿಟ್ಟು ಅದನ್ನು ಕಿಟಕಿಯಿಂದ ಆಚೆ ಎಸೆಯಬೇಡಿ.

ಶಾಲೆಯ ಊಟದಲ್ಲಿ ಏನಿದೆ?

ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಯಿತು. ನಿಯಮದ ಪ್ರಕಾರ 6, 7, 8ನೇ ತರಗತಿಯ ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಬಂತು. ಅದೇ ವರ್ಷ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರುಮಾಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಇದರಲ್ಲಿ ರಾಗಿ ಬಂದದ್ದು ನನಗೆ ಬಹಳ ಸಂತೋಷ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಕ್ಕಿಯಲ್ಲಿ ಸುಮಾರು 10 ಅಷ್ಟೇ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತ ಗಾದೆ ಸುಮ್ಮನೆ ಹುಟ್ಟಲಿಲ್ಲ. ಮುದ್ದೆ ಉಂಡು ಬಂದವರನ್ನು ನೋಡಿ ನಗುವವರು ಇದನ್ನು ಎರಡು ಸಲ ಓದಬೇಕು.

ನಾವು ಏನು ಮಾಡಬಹುದು?

1. ಬೆಳಗಿನ ಹಾಲನ್ನು ಯಾರೂ ಚೆಲ್ಲಬಾರದು. ನಿಮಗೆ ಅದು ಬರೀ ಹಾಲು, ಪಕ್ಕದವನಿಗೆ ಅದೇ ತಿಂಡಿ ಆಗಿರಬಹುದು.

2. ಕೈ ತೊಳೆದ ನೀರು ಸುಮ್ಮನೆ ಚರಂಡಿಗೆ ಹೋಗುತ್ತಿದೆ. ಅದನ್ನು ತಿರುಗಿಸಿ ನುಗ್ಗೆ, ಕೀರೆ, ಕುಂಬಳ ಹಾಕೋಣ. ಬೀಜ ಪೋಡಿನಿಂದ ನಾನು ತರುತ್ತೇನೆ. ಸೊಪ್ಪು ಸಾರಿಗೆ ಆಗುತ್ತದೆ.

3. ಊಟದ ಜೊತೆ ಒಂದು ಚೂರು ನೆಲ್ಲಿಕಾಯಿ ಅಥವಾ ನಿಂಬೆರಸ ಇರಲಿ. ಅದರಲ್ಲಿರುವ ಸಿ ಜೀವಸತ್ವದಿಂದ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಸೇರುತ್ತದೆ. ಊಟ ಆದ ಕೂಡಲೇ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಸೇರುವುದಿಲ್ಲ.

4. ಪೋಡಿನ ಅಜ್ಜಿಯರನ್ನು ಒಂದು ಶನಿವಾರ ಶಾಲೆಗೆ ಕರೆಸಿ ಸೊಪ್ಪುಗಳ ಗುರುತು ಕಲಿಯೋಣ. ಕಾಡಿನ ಗೆಣಸು, ಅಣಬೆಗಳಲ್ಲಿ ವಿಷದವೂ ಇವೆ. ಗೊತ್ತಿದ್ದ ದೊಡ್ಡವರಿಲ್ಲದೆ ಯಾವುದನ್ನೂ ಬಾಯಿಗೆ ಹಾಕಬಾರದು.

5. ಮಳೆಗಾಲದಲ್ಲಿ ಯಾರಾದರೂ ಎರಡು ದಿನ ಬಾರದಿದ್ದರೆ, ಗುರುಗಳೇ, ಬಯ್ಯುವ ಮೊದಲು ಮನೆಯಲ್ಲಿ ಒಲೆ ಉರಿಯಿತಾ ಅಂತ ಒಂದು ಮಾತು ಕೇಳಿ. ಶಾಲೆಗೆ ಬಂದರೆ ಒಂದು ಹೊತ್ತಿನ ಊಟವಾದರೂ ಸಿಗುತ್ತದೆ. ಬಯ್ಗುಳಕ್ಕೆ ಹೆದರಿ ಶಾಲೆ ಬಿಟ್ಟರೆ ಊಟವೂ ಹೋಯಿತು, ಪಾಠವೂ ಹೋಯಿತು.

ಕೈತೋಟದ ಕೆಲಸಕ್ಕೆ ಬರುವವರು ಈ ಹಾಳೆಯ ಕೆಳಗೆ ಖಾಲಿ ಬಿಟ್ಟಿರುವ ಜಾಗದಲ್ಲಿ ಹೆಸರು ಬರೆಯಿರಿ. ಗುದ್ದಲಿ ಎರಡೇ ಇದೆ, ಮನೆಯಲ್ಲಿದ್ದರೆ ತನ್ನಿ.

– 7ನೇ ತರಗತಿಯ ವಿದ್ಯಾರ್ಥಿನಿ