ಕೋವಿಯ ದುರ್ಬೀನು: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿರುವ ಜೇಜುರಿಯು ಖಂಡೋಬ ದೇವರ ಪ್ರಮುಖ ಕ್ಷೇತ್ರವಾಗಿದೆ. ಕನ್ನಡ ನಾಡಿನಲ್ಲಿ ಮೈಲಾರಲಿಂಗ, ಮಲ್ಲಯ್ಯ ಎಂಬ ಹೆಸರುಗಳಿಂದ ಪೂಜೆಗೊಳ್ಳುವ ದೈವವೇ ಅಲ್ಲಿ ಖಂಡೋಬ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ, ಬೆಳಗಾವಿ ಜಿಲ್ಲೆಯ ಮಂಗಸೂಳಿ ಮೊದಲಾದ ಕ್ಷೇತ್ರಗಳಂತೆ ಜೇಜುರಿಗೂ ಕನ್ನಡಿಗ ಭಕ್ತರು ಭಂಡಾರ ಹಿಡಿದು ಹೋಗುವುದುಂಟು. ಕುದುರೆಯೇರಿ, ಖಡ್ಗ ಹಿಡಿದು, ನಾಯಿಯನ್ನು ಜೊತೆಗಿಟ್ಟುಕೊಂಡ ಈ ದೇವರು ಜನಪದ ಹಾಡುಗಳಲ್ಲಿ ಬೇಟೆಗೆ ಹೊರಡುವ ವೀರನೂ ಹೌದು.

ಈ ಕ್ಷೇತ್ರಗಳ ಆಸುಪಾಸಿನ ಕುರುಚಲು ಹುಲ್ಲುಗಾವಲುಗಳು ಹಿಂದಿನಿಂದಲೂ ಹುಲ್ಲೆಗಳ ನೆಲೆ. ಜೇಜುರಿಯ ಪೂರ್ವಕ್ಕೆ, ಬಾರಾಮತಿ ತಾಲ್ಲೂಕಿನ ಸುಪೆಯ ಬಳಿ, ಚಿಂಕಾರಗಳ ರಕ್ಷಣೆಗಾಗಿ 1997ರಲ್ಲಿ ಮಯೂರೇಶ್ವರ ವನ್ಯಜೀವಿ ಧಾಮವನ್ನು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 5 ಚದರ ಕಿಲೋಮೀಟರು ಮಾತ್ರ. ಇತ್ತ ದೇವರಗುಡ್ಡವಿರುವ ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗ ಧಾಮವಿದೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಧಾಮವಿದೆ. ಒಂದು ಕಾಲದಲ್ಲಿ ಬೇಟೆಗಾರರು ಕೋವಿ ಹಿಡಿದು ಅಲೆಯುತ್ತಿದ್ದ ಇಂತಹ ಬಯಲುಗಳಲ್ಲಿ ಇಂದು ಉಳಿದಿರುವುದು ನೋಡುವ ಹಕ್ಕು ಮಾತ್ರ, ಕೊಲ್ಲುವ ಹಕ್ಕಲ್ಲ.

ಬಂದೂಕಿನ ಮೇಲೆ ಜೋಡಿಸುವ ದುರ್ಬೀನು, ಅಂದರೆ ಸ್ಕೋಪು, ಇಂದು ಪೇಟೆಯಲ್ಲಿ ಬಗೆಬಗೆಯಾಗಿ ದೊರೆಯುತ್ತದೆ. ಬೇಟೆಗೆ ಯಾವುದು ಉತ್ತಮ, ಗುರಿ ಹೊಡೆಯುವ ಕ್ರೀಡೆಗೆ ಯಾವುದು ಉತ್ತಮ ಎಂದು ಅನೇಕರು ವಿಚಾರಿಸುತ್ತಾರೆ. ಈ ಪ್ರಶ್ನೆಗೆ ಅರ್ಧ ಉತ್ತರವು ಕಾನೂನಿನಲ್ಲಿಯೂ ಕ್ರೀಡೆಯ ನಿಯಮಗಳಲ್ಲಿಯೂ ಇದೆ. ಉಳಿದರ್ಧವು ಸರಳವಾದ ಲೆಕ್ಕಾಚಾರ.

ಬೇಟೆಯ ಬಗ್ಗೆ ಕಾನೂನು ಹೇಳುವುದೇನು?

1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮವು ಮೊದಲು ಜಾರಿಗೆ ಬಂದಾಗ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ನೀಡುವ ಅವಕಾಶ ಅದರಲ್ಲಿತ್ತು. 1991ರ ತಿದ್ದುಪಡಿಯು ಆ ಅವಕಾಶವನ್ನು ತೆಗೆದುಹಾಕಿತು. ಅಂದಿನಿಂದ ಮೋಜಿಗಾಗಿ ಅಥವಾ ಮಾಂಸಕ್ಕಾಗಿ ಸಂರಕ್ಷಿತ ವನ್ಯಪ್ರಾಣಿಗಳನ್ನು ಬೇಟೆಯಾಡಲು ಭಾರತದಲ್ಲಿ ಯಾರಿಗೂ ಪರವಾನಗಿ ದೊರೆಯುವುದಿಲ್ಲ.

ಬೇಟೆ ಎಂಬ ಪದಕ್ಕೆ ಅಧಿನಿಯಮದಲ್ಲಿ ವಿಶಾಲವಾದ ಅರ್ಥವಿದೆ. ಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲ, ವಿಷವಿಕ್ಕುವುದು, ಬಲೆ ಅಥವಾ ಉರುಲು ಒಡ್ಡುವುದು, ಸೋಹುವುದು, ಆಮಿಷವೊಡ್ಡುವುದು, ಗಾಯಗೊಳಿಸುವುದು ಎಲ್ಲವೂ ಬೇಟೆಯೇ. ಇವುಗಳಿಗೆ ಪ್ರಯತ್ನಿಸುವುದೂ ಬೇಟೆಯೇ. ಗುರಿ ತಪ್ಪಿತೆಂಬುದು ಅಪರಾಧದಿಂದ ಪಾರಾಗುವ ಕಾರಣವಾಗುವುದಿಲ್ಲ. ಚಿಂಕಾರ, ಕೃಷ್ಣಮೃಗ, ತೋಳಗಳು ಮೊದಲನೆಯ ಅನುಸೂಚಿಯಲ್ಲಿ ಸೇರಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಬಹುದಾಗಿದೆ. ಅಪರಾಧಕ್ಕೆ ಬಳಸಿದ ಆಯುಧ, ವಾಹನ, ಸಲಕರಣೆಗಳು ಸರ್ಕಾರದ ಸ್ವತ್ತಾಗುತ್ತವೆ.

ಬೆಳೆ ಹಾಳು ಮಾಡುವ ಅಥವಾ ಮನುಷ್ಯರ ಜೀವಕ್ಕೆ ಅಪಾಯ ತರುವ ಪ್ರಾಣಿಯ ವಿಷಯದಲ್ಲಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಧಿನಿಯಮದ 11ನೇ ಪ್ರಕರಣದ ಮೇರೆಗೆ, ಕಾರಣಗಳನ್ನು ದಾಖಲಿಸಿ, ಲಿಖಿತ ಆದೇಶ ನೀಡಬಹುದು. ಇದು ಆಡಳಿತದ ಕ್ರಮವೇ ಹೊರತು ಬೇಟೆಯ ಹವ್ಯಾಸಕ್ಕೆ ಕೊಟ್ಟ ಸಮ್ಮತಿಯಲ್ಲ. ಹೊಲಕ್ಕೆ ಹಂದಿ ನುಗ್ಗಿದಾಗ ರೈತರು ಮೊದಲು ಅರಣ್ಯ ಇಲಾಖೆಗೆ ದೂರು ಸಲ್ಲಿಸಬೇಕು.

ಕೊಡಗಿನ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ನೀಡಲಾಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಅಲ್ಲಿಯ ಸಂಪ್ರದಾಯ. ಆದರೆ ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದ್ದು. ಬೇಟೆಯ ನಿಷೇಧವು ಕೊಡಗಿಗೂ ಸಮಾನವಾಗಿ ಅನ್ವಯಿಸುತ್ತದೆ.

ಏರ್‌ಗನ್ ಕೊಳ್ಳುವವರೂ ಎಚ್ಚರ ವಹಿಸಬೇಕು. 2016ರ ಆಯುಧ ನಿಯಮಗಳ ಮೇರೆಗೆ 4.5 ಮಿಲಿಮೀಟರಿಗಿಂತ ದೊಡ್ಡ ನಳಿಗೆಯ ಅಥವಾ 20 ಜೌಲ್‌ಗಿಂತ ಹೆಚ್ಚಿನ ಶಕ್ತಿಯ ಗಾಳಿಕೋವಿಗೆ ಪರವಾನಗಿ ಬೇಕು. ಅದಕ್ಕಿಂತ ಕಡಿಮೆ ಶಕ್ತಿಯ ಕೋವಿಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಹಕ್ಕಿಗಳಿಗೆ ಗುರಿಯಿಡಲು ಅನುಮತಿಯಿದೆ ಎಂದು ಭಾವಿಸಬಾರದು. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್‌ಗಳನ್ನು ಸ್ವಇಚ್ಛೆಯಿಂದ ಒಪ್ಪಿಸುವ ಅಭಿಯಾನವೇ ಆರಂಭವಾಯಿತು. ಸಣ್ಣ ಕೋವಿಯಿಂದಲೂ ಹಕ್ಕಿಗಳಿಗೆ ಎಷ್ಟು ಹಾನಿಯಾಗಬಲ್ಲದೆಂಬುದಕ್ಕೆ ಅದು ಸಾಕ್ಷಿ.

ಹೀಗಾಗಿ ಬೇಟೆಗೆ ಯಾವ ದುರ್ಬೀನು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಂದೇ ಉತ್ತರ: ಯಾವುದೂ ಅಲ್ಲ. ಉಳಿದಿರುವುದು ಗುರಿ ಹೊಡೆಯುವ ಕ್ರೀಡೆ.

ಕ್ರೀಡೆಯಲ್ಲಿ ದುರ್ಬೀನಿನ ಸ್ಥಾನ

ಜೇಜುರಿಯಿಂದ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಪುಣೆಯ ಬಾಲೆವಾಡಿಯಲ್ಲಿ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ನಿರ್ಮಿಸಿದ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ಷೂಟಿಂಗ್ ರೇಂಜ್ ಇದೆ. ಅಲ್ಲಿ ಅಭ್ಯಾಸ ಮಾಡಿದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚಿನ ಪದಕ ಪಡೆದರು. ಅವರ ರೈಫಲ್ಲಿನ ಮೇಲೆ ದುರ್ಬೀನು ಇರಲಿಲ್ಲ ಎಂಬುದು ಹಲವರಿಗೆ ಅಚ್ಚರಿ ತರಬಹುದು. 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, 2012ರಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಅವರ ರೈಫಲ್ಲುಗಳ ಮೇಲೂ ಇರಲಿಲ್ಲ.

ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನನ್ನು ಕೋವಿಗೆ ಜೋಡಿಸುವಂತಿಲ್ಲ. ಅದರ ಬದಲು ಹಿಂದೆ ಸಣ್ಣ ರಂಧ್ರವುಳ್ಳ ಬಿಲ್ಲೆ, ಮುಂದೆ ಒಂದು ಉಂಗುರ ಇರುತ್ತವೆ. ರಂಧ್ರದ ಮೂಲಕ ನೋಡಿದಾಗ ಮುಂದಿನ ಉಂಗುರ ಮತ್ತು ದೂರದ ಕಪ್ಪು ವೃತ್ತ ಇವೆರಡೂ ಸಾಕಷ್ಟು ಸ್ಪಷ್ಟವಾಗಿ ಕಾಣುತ್ತವೆ. ಒಂದರೊಳಗೊಂದು ಸಮನಾಗಿ ಕುಳಿತ ವೃತ್ತಗಳನ್ನು ಕದಲದಂತೆ ಹಿಡಿಯುವುದೇ ಗುರಿಕಾರನ ಸಾಧನೆ. 10 ಮೀಟರ್ ಗಾಳಿಕೋವಿಯ ಗುರಿಪಟ್ಟಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರು. 50 ಮೀಟರ್ ಗುರಿಪಟ್ಟಿಯಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರು. ವರ್ಧಿಸುವ ಮಸೂರದ ನೆರವಿಲ್ಲದೆ ಈ ಗುರಿಯನ್ನು ಮುಟ್ಟಲಾಗುತ್ತದೆ.

ಆದುದರಿಂದ ಮಗನಿಗೋ ಮಗಳಿಗೋ ಶಾಲಾ ಮಟ್ಟದ 10 ಮೀಟರ್ ಸ್ಪರ್ಧೆಗೆಂದು ದುಬಾರಿ ದುರ್ಬೀನು ಕೊಂಡ ಪೋಷಕರ ಹಣ ವ್ಯರ್ಥವೇ ಸರಿ. ಯಾವ ಸ್ಪರ್ಧೆ ಎಂಬುದನ್ನು ಮೊದಲು ನಿರ್ಧರಿಸಿ, ಅದರ ನಿಯಮಾವಳಿಯನ್ನು ಕ್ಲಬ್ಬಿನಲ್ಲಿ ಅಥವಾ ತರಬೇತುದಾರರಲ್ಲಿ ಕೇಳಿ ತಿಳಿಯಬೇಕು. ಚಲಿಸುವ ಗುರಿಯ 10 ಮೀಟರ್ ಸ್ಪರ್ಧೆಯಲ್ಲಿ ನಾಲ್ಕು ಪಟ್ಟಿನವರೆಗಿನ ದುರ್ಬೀನಿಗೆ ಅವಕಾಶವಿದೆ. ಮೇಜಿನ ಮೇಲೆ ಕೋವಿಯನ್ನು ಊರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿಯೂ ದುರ್ಬೀನು ಬಳಕೆಯಲ್ಲಿದೆ. ಪರವಾನಗಿ ಪಡೆದ ರೇಂಜಿನಲ್ಲಿ ಅಭ್ಯಾಸಕ್ಕಾಗಿ ಬಳಸುವವರೂ ಇದ್ದಾರೆ. ಮುಂದಿನ ವಿವರಣೆ ಇಂಥವರಿಗಾಗಿ.

ಅಂಕಿಗಳ ಅರ್ಥ

ದುರ್ಬೀನಿನ ಮೇಲೆ 4x32 ಎಂದು ಬರೆದಿದ್ದರೆ, ಅದು ವಸ್ತುವನ್ನು ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಅದರ ಮುಂದಿನ ಮಸೂರದ ವ್ಯಾಸ 32 ಮಿಲಿಮೀಟರು ಎಂದರ್ಥ. 3-9x40 ಎಂದಿದ್ದರೆ ವರ್ಧನೆಯನ್ನು ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಾಯಿಸಬಹುದು.

ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿನತ್ತ ಹೊರಬರುವ ಬೆಳಕಿನ ಕಂಬದ ಅಗಲ ದೊರೆಯುತ್ತದೆ. 4x32ರಲ್ಲಿ ಅದು 8 ಮಿಲಿಮೀಟರು. 3-9x40ನ್ನು ಒಂಬತ್ತಕ್ಕೆ ತಿರುಗಿಸಿದಾಗ 4.4 ಮಿಲಿಮೀಟರು, 24x50ರಲ್ಲಿ ಕೇವಲ 2 ಮಿಲಿಮೀಟರು. ಹಗಲು ಬೆಳಕಿನಲ್ಲಿ ಮನುಷ್ಯನ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ ತೆರೆದಿರುತ್ತದೆ. ಆದ್ದರಿಂದ ಹಗಲಿನಲ್ಲಿ ನಡೆಯುವ ಗುರಿ ಅಭ್ಯಾಸಕ್ಕೆ ಬಹಳ ದೊಡ್ಡ ಮುಂಮಸೂರ ಬೇಕಾಗಿಲ್ಲ. ಅದು ಕೋವಿಯ ಭಾರವನ್ನೂ ಬೆಲೆಯನ್ನೂ ಹೆಚ್ಚಿಸುತ್ತದೆ.

ವರ್ಧನೆ ಹೆಚ್ಚಿದಷ್ಟೂ ಉತ್ತಮ ಎಂಬುದು ಸಾಮಾನ್ಯ ತಪ್ಪುಕಲ್ಪನೆ. ಗುರಿಯೊಡನೆ ಕೈಯ ನಡುಕವೂ ಬಿಸಿಲಿನ ಝಳದಿಂದ ಅಲುಗುವ ಗಾಳಿಯೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತವೆ. ಕಾಣುವ ಕ್ಷೇತ್ರವು ಕಿರಿದಾಗುತ್ತದೆ. ನಿಂತು ಹೊಡೆಯುವವನಿಗೆ ನಾಲ್ಕು ಪಟ್ಟು ಸಾಕಾಗಬಹುದು. ಕೋವಿಯನ್ನು ಊರಿ ಹೊಡೆಯುವವನಿಗೆ ಮಾತ್ರ ಹೆಚ್ಚಿನ ವರ್ಧನೆ ಉಪಯುಕ್ತ.

ಕಣ್ಣಿನ ದೂರ, ಒದೆತ ಮತ್ತು ಪ್ಯಾರಲಾಕ್ಸ್

ದುರ್ಬೀನಿನ ಹಿಂತುದಿಗೂ ಕಣ್ಣಿಗೂ ನಡುವೆ ಸಾಮಾನ್ಯವಾಗಿ 75ರಿಂದ 100 ಮಿಲಿಮೀಟರು ಅಂತರವಿರಬೇಕು. ಈ ಅಂತರ ಕಡಿಮೆಯಾದರೆ ಗುಂಡು ಹಾರಿದಾಗ ಕೋವಿಯ ಒದೆತದಿಂದ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಗಾಯವಾಗುತ್ತದೆ. ಸ್ಪ್ರಿಂಗಿನ ಗಾಳಿಕೋವಿಯ ಒದೆತ ಕಡಿಮೆಯೆಂದು ತೋರಿದರೂ ಅದು ಹಿಂದಕ್ಕೂ ಮುಂದಕ್ಕೂ ಎರಡು ಸಲ ಅದುರುತ್ತದೆ. ಹಿಮ್ಮುಖ ಒದೆತವನ್ನಷ್ಟೇ ತಡೆಯುವಂತೆ ತಯಾರಾದ ದುರ್ಬೀನು ಇದರಿಂದ ಕೆಡಬಹುದು. ಗಾಳಿಕೋವಿಗೆಂದೇ ತಯಾರಾದುದನ್ನು ಕೇಳಿ ಕೊಳ್ಳಬೇಕು.

ಕಣ್ಣನ್ನು ಸ್ವಲ್ಪ ಅತ್ತಿತ್ತ ಸರಿಸಿದಾಗ ದುರ್ಬೀನಿನೊಳಗಿನ ಅಡ್ಡಗೆರೆ ಗುರಿಯ ಮೇಲೆ ಜರುಗಿದಂತೆ ಕಂಡರೆ ಅದನ್ನು ಪ್ಯಾರಲಾಕ್ಸ್ ದೋಷ ಎನ್ನುತ್ತಾರೆ. ದೊಡ್ಡ ರೈಫಲ್ಲುಗಳ ದುರ್ಬೀನುಗಳನ್ನು ಸಾಮಾನ್ಯವಾಗಿ 100 ಗಜದ ದೂರಕ್ಕೆ ಈ ದೋಷವಿಲ್ಲದಂತೆ ಹೊಂದಿಸಿರುತ್ತಾರೆ. ಅವುಗಳನ್ನು 10 ಮೀಟರಿಗೆ ಬಳಸಿದರೆ ಚಿತ್ರವೂ ಮಸುಕಾಗುತ್ತದೆ, ಗುರಿಯೂ ತಪ್ಪುತ್ತದೆ. ಹತ್ತಿರದ ದೂರಗಳಲ್ಲಿ ಅಭ್ಯಾಸ ಮಾಡುವವರು 10 ಮೀಟರಿನವರೆಗೆ ಹೊಂದಿಸಬಲ್ಲ ದುರ್ಬೀನನ್ನು ಆರಿಸಬೇಕು.

ಜೋಡಿಸುವ ಉಂಗುರಗಳಿಗೂ ಗಮನ ಕೊಡಬೇಕು. ದುರ್ಬೀನಿನ ಕೊಳವೆಯ ವ್ಯಾಸ ಬಹುಮಟ್ಟಿಗೆ 25.4 ಅಥವಾ 30 ಮಿಲಿಮೀಟರು. ಉಂಗುರಗಳು ಆ ಅಳತೆಗೂ ಕೋವಿಯ ಮೇಲಣ ಪಟ್ಟಿಗೂ ಸರಿಹೊಂದಬೇಕು. ಉತ್ತಮ ದುರ್ಬೀನಿಗೆ ಸಡಿಲವಾದ ಉಂಗುರ ಹಾಕಿದರೆ ಒಂದೊಂದು ಗುಂಡೂ ಒಂದೊಂದು ಕಡೆ ಬೀಳುತ್ತದೆ.

ಗುರಿ ಹೊಂದಿಸುವ ಲೆಕ್ಕ

ದುರ್ಬೀನಿನ ಮೇಲೆ ಮತ್ತು ಪಕ್ಕದಲ್ಲಿರುವ ತಿರುಗಣೆಗಳು ಒಂದೊಂದೇ ಟಿಕ್ ಸದ್ದಿನೊಡನೆ ತಿರುಗುತ್ತವೆ. ಇವುಗಳ ಅಳತೆಯನ್ನು ಸಾಮಾನ್ಯವಾಗಿ ಕೋನದ ಮಿನಿಟಿನಲ್ಲಿ, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಲ್ಲಿ ಹೇಳಲಾಗುತ್ತದೆ. ಒಂದು ಮಿನಿಟು 100 ಮೀಟರ್ ದೂರದಲ್ಲಿ ಸುಮಾರು 29 ಮಿಲಿಮೀಟರಿಗೆ ಸಮ. ಕಾಲು ಮಿನಿಟಿನ ಒಂದು ಟಿಕ್ 100 ಮೀಟರಿನಲ್ಲಿ ಸುಮಾರು 7.3, 50 ಮೀಟರಿನಲ್ಲಿ 3.6, 10 ಮೀಟರಿನಲ್ಲಿ 0.7 ಮಿಲಿಮೀಟರಿನಷ್ಟು ಗುರಿಯನ್ನು ಸರಿಸುತ್ತದೆ.

ಉದಾಹರಣೆಗೆ, 50 ಮೀಟರಿನಲ್ಲಿ ಐದು ಗುಂಡುಗಳ ಗುಂಪಿನ ಮಧ್ಯಬಿಂದು ಗುರಿಗಿಂತ 36 ಮಿಲಿಮೀಟರು ಕೆಳಗೆ ಬಿದ್ದಿದ್ದರೆ, ಮೇಲಿನ ತಿರುಗಣೆಯನ್ನು ಹತ್ತು ಟಿಕ್‌ಗಳಷ್ಟು ಮೇಲ್ಮುಖವಾಗಿ ತಿರುಗಿಸಬೇಕು. ಒಂದೇ ಗುಂಡನ್ನು ನೋಡಿ ತಿರುಗಣೆಯನ್ನು ಮುಟ್ಟಬಾರದು. ಗುಂಪು ಚಿಕ್ಕದಾಗಿದ್ದು ಗುರಿಯಿಂದ ದೂರ ಬಿದ್ದಿದ್ದರೆ ಹೊಂದಾಣಿಕೆ ಬೇಕು. ಗುಂಪೇ ಚದರಿದ್ದರೆ ಬೇಕಾದುದು ಅಭ್ಯಾಸ, ಅಥವಾ ಉಂಗುರಗಳ ತಿರುಪುಗಳನ್ನು ಬಿಗಿ ಮಾಡುವುದು.

ಸುರಕ್ಷತೆಯ ಒಂದು ಮಾತು

ಕೋವಿಗೆ ಜೋಡಿಸಿದ ದುರ್ಬೀನು ಎತ್ತ ತಿರುಗಿದರೂ ನಳಿಗೆಯೂ ಅತ್ತಲೇ ತಿರುಗುತ್ತದೆ. ದೂರದಲ್ಲಿ ಕಾಣುತ್ತಿರುವುದು ಮನುಷ್ಯನೋ ದನವೋ ಎಂದು ತಿಳಿಯಲು ಅದರ ಮೂಲಕ ನೋಡುವುದೆಂದರೆ ಅವರತ್ತ ಬಂದೂಕು ಹಿಡಿದಂತೆಯೇ ಸರಿ. ಇದನ್ನು ಎಂದಿಗೂ ಮಾಡಬಾರದು. ನೋಡಲು ಬೇರೆಯದೇ ದುರ್ಬೀನು ಬೇಕು. ದುರ್ಬೀನು ಜೋಡಿಸುವಾಗ, ಪರೀಕ್ಷಿಸುವಾಗ, ಒರೆಸುವಾಗ ಕೋವಿಯಲ್ಲಿ ಗುಂಡಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಜೇಜುರಿಯ ಗುಡ್ಡವಿಳಿದು ಸುಪೆಯ ಹುಲ್ಲುಗಾವಲಿಗೆ ಹೋಗುವ ಯಾತ್ರಿಕರಿಗೆ ಎರಡೂ ಕಣ್ಣುಗಳಿಂದ ನೋಡುವ 8x42 ದುರ್ಬೀನು ಅನುಕೂಲಕರ. ಇಲ್ಲಿಯೂ ಲೆಕ್ಕ ಅದೇ: 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರು. ಚಿಂಕಾರಗಳು ಮೇಯುವ ಮುಂಜಾನೆ ಮತ್ತು ಸಂಜೆಯ ಮಂದ ಬೆಳಕಿಗೆ ಇದು ಸಾಕು. ಗುರಿಯಿಡುವ ಕೌಶಲವನ್ನು ರೇಂಜಿನ ಕಾಗದದ ಮೇಲೆ ತೋರಿಸಿ, ಬಯಲಿನ ಜೀವಿಗಳನ್ನು ನೋಡಿ ಆನಂದಿಸುವುದರಲ್ಲಿ ಕಾನೂನಿನ ಪಾಲನೆಯೂ ಇದೆ, ಮುಂದಿನ ಪೀಳಿಗೆಯ ಹಿತವೂ ಇದೆ.