ಎಣ್ಣೆ ಸೋರುವವರೆಗೆ ಕಾಯಬೇಡಿ

ಆಸ್ಟ್ರೇಲಿಯಾದ ಒಳನಾಡಿಗೆ ಫೋರ್‌ವೀಲ್ ಡ್ರೈವ್ ಇಳಿಸುವ ಮುಂಚೆ ಸವೆದ ಶಾಕ್ ಅಬ್ಸಾರ್ಬರ್ ಬದಲಿಸಲೇಬೇಕು. ‘ಸೋರಲಿ, ಆಮೇಲೆ ನೋಡೋಣ’ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮರ್ರೀಯಿಂದ ಬರ್ಡ್ಸ್‌ವಿಲ್‌ವರೆಗಿನ 517 ಕಿಲೋಮೀಟರ್ ಮಣ್ಣುದಾರಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಹೆಚ್ಚು ಕಾಡುವುದು ದೊಡ್ಡ ಗುಂಡಿಗಳಲ್ಲ, ತಗಡಿನ ಶೀಟಿನ ಹಾಗೆ ಸಾಲುಸಾಲಾಗಿ ಎದ್ದ ಸಣ್ಣ ಉಬ್ಬುಗಳು. ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್. ಒಳಗಿನ ಪಿಸ್ಟನ್ ಎಣ್ಣೆಯನ್ನು ಕಿರಿದಾದ ಕಿಂಡಿಗಳಲ್ಲಿ ತಳ್ಳಿದಾಗ ಆ ಕುಣಿತ ಬಿಸಿಯಾಗಿ ಹೊರಹೋಗುತ್ತದೆ. ಉಬ್ಬುಗಳು ಗಂಟೆಗಟ್ಟಲೆ ಮುಗಿಯದಿದ್ದರೆ ಎಣ್ಣೆ ಕಾದು ತೆಳುವಾಗುತ್ತದೆ, ಕೆಲವು ಶಾಕ್‌ಗಳಲ್ಲಿ ನೊರೆಯೂ ಏಳುತ್ತದೆ. ಸೀಲು, ವಾಲ್ವು ಮೊದಲೇ ಸವೆದಿದ್ದರೆ ಹಿಡಿತ ಇನ್ನೂ ಬೇಗ ಕೈಕೊಡುತ್ತದೆ: ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಬ್ರೇಕು ಒತ್ತಿದರೂ ಗಾಡಿ ಬೇಗ ನಿಲ್ಲುವುದಿಲ್ಲ.

‘ಬಾನೆಟ್ ಒತ್ತಿ ನೋಡಿದೆ, ಚೆನ್ನಾಗಿದೆ’ ಅನ್ನುವವರಿದ್ದಾರೆ. ತಣ್ಣಗಿರುವ ಎಣ್ಣೆಯ ಮೇಲಿನ ಆ ಒಂದು ಒತ್ತು ಬಿಸಿಯಾದಾಗಿನ ಕಥೆ ಹೇಳುವುದಿಲ್ಲ. ಅದರ ಬದಲು ಗಾಡಿಯ ಕೆಳಗೆ ಬಗ್ಗಿ: ಶಾಕ್‌ನ ಮೈಮೇಲೆ ಎಣ್ಣೆಗೆ ಅಂಟಿದ ಒದ್ದೆ ಧೂಳು, ಬಿರುಕುಬಿಟ್ಟ ರಬ್ಬರ್ ಬುಷ್, ಟೈರಿನಲ್ಲಿ ಅಲ್ಲಲ್ಲಿ ಬಿದ್ದ ತಗ್ಗು ಕಂಡರೆ ಅನುಮಾನವೇ ಬೇಡ. ಟೈರಿನ ಗಾಳಿ ಇಳಿಸಿ ನಿಧಾನ ಹೋದರೆ ಸಾಲದೇ? ಅದು ಹೊಸ ಶಾಕ್‌ಗೂ ಬೇಕೇ ಬೇಕು, ಆದರೆ ಸವೆದದ್ದನ್ನು ಸರಿಮಾಡುವುದಿಲ್ಲ. ಖರ್ಚಿನ ಮಾತು ನ್ಯಾಯವೇ, ಆದರೂ ಒಂದನ್ನೇ ಬದಲಿಸಿ ಉಳಿಸಬೇಡಿ. ಆಕ್ಸಲ್‌ಗೆ ಎರಡೂ ಹೊಸದಿರಲಿ, ನೀರು-ಡೀಸೆಲ್ ಹೇರಿದ ಭಾರಕ್ಕೆ ಹೊಂದುವಂಥದ್ದಿರಲಿ. ರಬ್ಬರ್ ಬುಷ್‌ನ ಅಡ್ಡ ಬೋಲ್ಟನ್ನು ಜಾಕ್ ಇಳಿಸಿ, ಭಾರವೆಲ್ಲ ಚಕ್ರದ ಮೇಲೆ ಕೂತಮೇಲೆಯೇ ಕೊನೆಯದಾಗಿ ಬಿಗಿಯಿರಿ, ಇಲ್ಲದಿದ್ದರೆ ಹೊಸ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.